ಏಕಾದಶಿ ಮಾಡುವ ಕೋಳಿಗಳು

ಜೂನ್ ಹದಿಮೂರು, ಶುಕ್ರವಾರ, ಬೆಳಿಗ್ಗೆ ಏಳೂಮುಕ್ಕಾಲು. ಏಕಾದಶಿ ಮಾಡುವ ಕೋಳಿಗಳ ಇತಿಹಾಸ ಶುರುವಾದದ್ದು ಆ ಗಳಿಗೆಯಲ್ಲಿ. ಇಡೀ ಮದರಾಸಿನಲ್ಲಿ ಅಂಥ ಕೋಳಿಗಳಿರುವುದು ನಮ್ಮ ದೊಡ್ಡಪ್ಪನ ಹಿತ್ತಲಲ್ಲಿ ಮಾತ್ರ!

ರೈಲ್ವೆಯಿಂದ ನಿವೃತ್ತರಾದ, ಈರುಳ್ಳಿ ಕಂಡರೂ ಮೂಗು ಮುಚ್ಚುವ ಈ ವೈಷ್ಣವರು ಪಲ್ಲಾವರಂ ಸಂತೆಯಿಂದ ನಾಲ್ಕು ಕೋಳಿಗಳ ಸಮೇತ ಆಟೋ ಇಳಿದಾಗ ಎದುರುಮನೆಯ ಅಕ್ಕ ಗೇಟಿಗೇ ಬಂದರು.

"ಎನ್ನ ಮಾಮಾ, ಕೋಳಿ ಕೊಳಂಬಾ?"

"ಅಯ್ಯಯ್ಯೋ, ಕೊಳಂಬು ಇಲ್ಲೆಮ್ಮಾ! ಇವಂಗ ಸ್ಟಾಫ್!"

ಸಾರಿಗಲ್ಲವಂತೆ, ಸಿಬ್ಬಂದಿಯಂತೆ! ಹಿತ್ತಲ ಮೂಲೆಯಲ್ಲಿ ತರಗೆಲೆ, ತರಕಾರಿ ಸಿಪ್ಪೆಗಳ ಗೊಬ್ಬರದ ಗುಡ್ಡೆ. ಸೊಂಟನೋವಿನ ದೊಡ್ಡಪ್ಪ ಗುದ್ದಲಿ ಹಿಡಿಯಲಾರರು. ಕೆದಕಿ ಮಗುಚುವ ಡ್ಯೂಟಿ ಕೋಳಿಗಳದು. ಮೊಟ್ಟೆ ಇಟ್ಟರೆ ಇಕ್ಕಳದಲ್ಲಿ ಎತ್ತಿ ಎದುರುಮನೆಗೆ ದಾನ. ಏಕಾದಶಿಯಂದು ನಮ್ಮಲ್ಲಿ ಅಡುಗೆಯಿಲ್ಲ, ಸಿಪ್ಪೆಯೂ ಇಲ್ಲ. ಹಾಗಾಗಿ ಅವಕ್ಕೂ ಬಾಳೆಹಣ್ಣಷ್ಟೇ. ದ್ವಾದಶಿ ಬೆಳಿಗ್ಗೆ ಪಾರಣೆಗೆ ನಮಗಿಂತ ಮೊದಲು ಅಡುಗೆಮನೆ ಬಾಗಿಲಲ್ಲಿ ಅವೇ ಹಾಜರು!

ಇಷ್ಟೆಲ್ಲ ಯಾತಕ್ಕೆ? ದೊಡ್ಡಮ್ಮನ ಕರಿಬೇವಿಗೆ. ಹುಳಿಮಜ್ಜಿಗೆ ಹೊಯ್ದು, ಬೈದು ಬೈದು ಬೆಳೆಸಿದ ಗಿಡ. ಹಿಂದಿನ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಅದೂ ಸೊರಗಿತು. ವರ್ಷಾಬ್ದಿಕದ ಅಡುಗೆಗೆ ಆ ಗಿಡದ ಎಲೆಯೇ ಬೀಳಬೇಕೆಂದು ದೊಡ್ಡಪ್ಪನ ಹಟ.

ಅವರ ತಂಗಿ, ನಮ್ಮತ್ತೆ, ಬಿಡುತ್ತಾರೆಯೇ? "ಕೋಳಿ ಗೊಬ್ಬರದ ಕರಿಬೇವು ಮಡಿ ಅಡುಗೆಗೆ ಆಗತ್ತಾ ಅಣ್ಣಾ?"

"ಯಾಕಾಗಲ್ಲ? ತಿಂಗಳಿಗೆ ಎರಡು ಏಕಾದಶಿ ಮಾಡೋ ಕೋಳಿ ಕಣೇ! ನೀನು ಒಂದಕ್ಕೇ ತಲೆಸುತ್ತು ಅಂತ ಕಾಫಿ ಕುಡೀತೀಯ."

ಗುಡ್ಡೆ ಮಾಗಲು ಇನ್ನೂ ಆರು ತಿಂಗಳು ಬೇಕು ಎಂದು ನಾನು ಓದಿ ಹೇಳಿದೆ.

"ತಿಥಿ ಆರು ತಿಂಗಳು ಕಾಯತ್ತೇನೋ?" ಎಂದರು ದೊಡ್ಡಪ್ಪ.

ಆಗಸ್ಟ್ ಹತ್ತು, ಭಾನುವಾರ, ಸಂಜೆ ಐದು. ಮೊಟ್ಟೆಗೆ ಇಕ್ಕಳ ಹಿಡಿಯುವ ಮನುಷ್ಯ ಹಸಿ ಹಿಕ್ಕೆಯನ್ನು ಬರಿಗೈಯಲ್ಲಿ ಬಾಚಿ ಬಾಚಿ ಗಿಡದ ಬುಡಕ್ಕೆ ಹಾಕಿದರು. ಮಾಗದ ಕೋಳಿಗೊಬ್ಬರ ಬೇರನ್ನು ಸುಡುತ್ತದೆ. ಮೊದಲು ಎಲೆಯಂಚು ಕಂದಿತು. ಹದಿನೈದು ದಿನಕ್ಕೆ ಗಿಡ ಬೋಳು.

ಆಬ್ದಿಕದ ದಿನ ಅತ್ತೆ ಮಾರ್ಕೆಟ್ಟಿನ ಕರಿಬೇವು ತಂದಿದ್ದರು. ಒಗ್ಗರಣೆ ಸಿಡಿಯುತ್ತಿತ್ತು. ದೊಡ್ಡಪ್ಪ ಬೇಡವೆಂದು ಕೈಯಾಡಿಸಿದರು. ಅತ್ತೆ ಅಂದು ವಾದಕ್ಕಿಳಿಯದೆ ಸೊಪ್ಪನ್ನು ಪಕ್ಕಕ್ಕಿಟ್ಟರು. ಊಟವಾದ ಮೇಲೆ ದೊಡ್ಡಪ್ಪ ಹಿತ್ತಲ ಮೆಟ್ಟಿಲ ಮೇಲೆ ಕೂತು, ಕೋಳಿಗಳಿಗೆ ಹೇಳುವಂತೆ ಹೇಳಿದರು: "ಅವಳಾಗಿದ್ರೆ ಬೈದಾದ್ರೂ ಉಳಿಸಿಕೊಳ್ತಿದ್ಲು."

ಈಗ ಹಿಕ್ಕೆ ತೆಗೆದು, ನೀರು ಬಿಟ್ಟು, ದಿನಾ ಹುಳಿಮಜ್ಜಿಗೆ ಹೊಯ್ಯುತ್ತಾರೆ. ಭಾನುವಾರ ಕಾಂಡವನ್ನು ಉಗುರಿನಿಂದ ಕೆರೆದು ನೋಡುವ ಕೆಲಸ ನನ್ನದು. ದೊಡ್ಡಪ್ಪ ಕೋಳಿಗಳ ಕಡೆ ತಿರುಗಿ ನಿಂತು ಕೇಳುತ್ತಾರೆ: "ಹಸಿರಿದೆಯೇನೋ?"

"ಇದೆ ದೊಡ್ಡಪ್ಪ."

ಕಳೆದ ಎರಡು ಭಾನುವಾರ ಅದು ನಿಜವಲ್ಲ.

ಬೇರು ಸುಟ್ಟ ಕರಿಬೇವನ್ನು ಚಿಗುರಿಸಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ಬೇಗ ಬರೆಯಿರಿ. ನನ್ನ ಹೆಸರಿಗೇ ಬರೆಯಿರಿ. ಮನೆಗೆ ಬರುವ ಬೇರೆಲ್ಲ ಕಾಗದ ಬಿಚ್ಚಿ ಓದುವವರು ದೊಡ್ಡಪ್ಪ.