ಹೊಳೆಗೆ ಹೋದ ವಿಳಾಸ

ಇಂಗ್ಲಿಷ್ ಬರುತ್ತದೆ ಎಂದು ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವವನಷ್ಟು ದೊಡ್ಡ ಮೂರ್ಖ ಇನ್ನೊಬ್ಬನಿಲ್ಲ. ಯಾರನ್ನೋ ಬೈಯಲು ಹೇಳುತ್ತಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಮಾಡಿಕೊಂಡ ಅನಾಹುತ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಎಪ್ಪತ್ತರ ದಶಕದ ಕೊನೆ. ನಾನು ಹೊನ್ನಾಳಿಯಲ್ಲಿ ಒಂಬತ್ತನೇ ತರಗತಿ. ಇಂಗ್ಲಿಷ್ ಮೇಷ್ಟ್ರು ಎಲ್ಲಿಂದಲೋ ಪರದೇಶದ ಮಕ್ಕಳ ವಿಳಾಸ ತರಿಸಿ ಹಂಚಿದಾಗ ನನ್ನ ಪಾಲಿಗೆ ಬಂದವಳು ಡೆನ್ಮಾರ್ಕಿನ ಕಿರ್ಸ್ಟೆನ್. ನನ್ನದೇ ವಯಸ್ಸು, ನನ್ನ ಹಾಗೆಯೇ ಅಜ್ಜಿಯ ಕೈಯಲ್ಲಿ ಬೆಳೆಯುತ್ತಿದ್ದವಳು. ಗಣಿತದಲ್ಲಿ ಹನ್ನೊಂದು ಅಂಕ ಬಂದದ್ದನ್ನು, ಸತ್ತುಹೋದ ಅಮ್ಮನ ಮುಖ ಮರೆತುಹೋಗುತ್ತಿದೆ ಎಂಬ ಹೆದರಿಕೆಯನ್ನು ನಾನು ಹೇಳಿಕೊಂಡದ್ದು ಅವಳೊಬ್ಬಳಿಗೇ. ಮುಖ ನೋಡದ ಹುಡುಗಿ, ಆದರೆ ಲೋಕದಲ್ಲಿ ನನಗಿದ್ದ ಸ್ನೇಹಿತೆ ಅವಳೇ.

ಎರಡು ತಿಂಗಳಿಗೊಮ್ಮೆ ಮಡಚಿ ಅಂಟಿಸಿದ ನೀಲಿ ಕಾಗದ ಬರುತ್ತಿತ್ತು. ಒಬ್ಬನೇ ಓದಿಕೊಳ್ಳುವ ಕಾಗದ ಎಂಬುದು ನಮ್ಮ ಕೇರಿಯಲ್ಲಿ ಇರಲೇ ಇಲ್ಲ. ಪೋಸ್ಟ್‌ಮ್ಯಾನ್ ಕೂಡ ಜಗಲಿಯಲ್ಲಿ ಕೂತು ಕೇಳಿಯೇ ಮುಂದಕ್ಕೆ ಹೋಗುತ್ತಿದ್ದ. ನಾನು ಎದ್ದು ನಿಂತು ಕನ್ನಡ ಮಾಡಿ ಹೇಳುತ್ತಿದ್ದೆ. ತಿಳಿಯದ ಕಡೆ ಸ್ವಂತದ್ದು ಸೇರಿಸುತ್ತಿದ್ದೆ. ಒಮ್ಮೆ ಅರ್ಧ ಪುಟ ಅರ್ಥವಾಗದೆ, ಅವರ ಮನೆಯ ಎಮ್ಮೆ ಕರು ಹಾಕಿತು ಎಂದುಬಿಟ್ಟೆ. ಅಜ್ಜಿ ಕೂಡಲೇ, "ಗಿಣ್ಣ ಮಾಡಿದ್ರಂತಾ?" ಎಂದಳು. ಮಾಡಿದರಂತೆ ಎಂದೆ.

ಅಜ್ಜಿಗೆ ಆ ಹುಡುಗಿಗಿಂತ ಅವಳ ಅಜ್ಜಿಯ ಮೇಲೇ ಅಕ್ಕರೆ. "ಲೇ ತಮ್ಮಾ, ಆ ಯಮ್ಮನ ಮೊಣಕಾಲು ನೋವು ಹೆಂಗೈತೆ ಕೇಳು. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಾಕೆ ಹೇಳು" ಎನ್ನುವಳು. ನಾನು ಬರೆಯುತ್ತಿದ್ದೆ. ಪರವಾಗಿಲ್ಲ, ನಿಮ್ಮ ಅಜ್ಜಿಗೆ ಹೇಗಿದೆ ಎಂದು ಅಲ್ಲಿಂದ ಉತ್ತರವೂ ಬರುತ್ತಿತ್ತು.

ಒಂದು ದಿನ ಬಂದ ಕಾಗದದಲ್ಲಿ ಒಂದೂ ಕಷ್ಟದ ಪದವಿರಲಿಲ್ಲ. ನನಗೆ ಎಲ್ಲಿಲ್ಲದ ಹುರುಪು. ಜಗಲಿ ತುಂಬ ಜನ. ಗಂಟಲು ಸರಿಮಾಡಿಕೊಂಡು ಗಡಗಡ ಹೇಳಿದೆ: "ನನ್ನ ಅಜ್ಜಿ ತೀರಿಕೊಂಡರು. ಈ ಮನೆ ಬಿಟ್ಟು ದೂರದ ಊರಿಗೆ ಹೋಗುತ್ತಿದ್ದೇನೆ. ಹೊಸ ವಿಳಾಸ ಕೊನೆಯಲ್ಲಿದೆ. ಬೇಗ ಬರೆ, ನಿನ್ನ ಕಾಗದ ಬಂದರೆ ಸಮಾಧಾನವಾಗುತ್ತದೆ."

ಸಾವಿನ ಕಾಗದವನ್ನು ನಮ್ಮಲ್ಲಿ ಮನೆಯೊಳಗೆ ಒಯ್ಯುವಂತಿಲ್ಲ. ಸುದ್ದಿ ಕೇಳಿದ ಕೂಡಲೇ ಹರಿದು ಬಿಸಾಡಿ ಸ್ನಾನ ಮಾಡಬೇಕು. ಅಜ್ಜಿ "ಅಯ್ಯೋ ನನ್ನವ್ವಾ, ಹೋಗಿಬಿಟ್ಯಾ!" ಎಂದು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಪರಪರ ಹರಿದಳು.

"ಅಜ್ಜೀ, ತಡಿ! ಅದ್ರಾಗೆ ವಿಳಾಸ ಐತೆ!"

"ಸತ್ತೋರಿಗೆ ಎಂಥ ವಿಳಾಸನೋ?" ಎಂದು ಅಳುತ್ತಲೇ ಹೊಳೆಯ ಕಡೆ ನಡೆದಳು. ಹಿಂದೆ ಅಪ್ಪ, ಚಿಕ್ಕಪ್ಪ, ಚಿಕ್ಕಮ್ಮ, ಎಲ್ಲರಿಗಿಂತ ಹಿಂದೆ ಬಾಯಿ ಬಡಿದುಕೊಳ್ಳುತ್ತ ನಾನು. ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಅಜ್ಜಿ ಮುಷ್ಟಿಯಲ್ಲಿದ್ದ ಚೂರುಗಳನ್ನು ನೀರಿಗೆ ಎಸೆದಳು. ಚೂರುಗಳನ್ನು ಹಿಡಿಯಲು ನಾನು ಮುಳುಗಿದೆ, ಎದ್ದೆ, ಮತ್ತೆ ಮುಳುಗಿದೆ. "ನೋಡ್ರಿ, ಹುಡುಗನಿಗೆ ಆ ಯಮ್ಮನ ಮ್ಯಾಲೆ ಎಷ್ಟು ಪ್ರೀತಿ!" ಎಂದು ಅಜ್ಜಿ ದಡದಲ್ಲಿ ಕಣ್ಣೊರೆಸಿಕೊಂಡಳು. ಒಂದೇ ಚೂರು ಸಿಕ್ಕಿತು. ಅದರ ಶಾಯಿ ನೀರು ಕುಡಿದು ನೀಲಿ ಕಲೆಯಾಗಿತ್ತು.

ಹಳೆಯ ವಿಳಾಸಕ್ಕೆ ಮೂರು ಕಾಗದ ಹಾಕಿದೆ. ಉತ್ತರವಿಲ್ಲ. ಒಂದು ವರ್ಷ ಪೋಸ್ಟ್‌ಮ್ಯಾನಿನ ಸೈಕಲ್ಲಿನ ಹಿಂದೆ ಅಲೆದೆ. ಅಜ್ಜಿ ಸತ್ತಳೆಂದು ಬರೆದರೂ ಒಂದು ಸಾಲು ಬರೆಯದ ಕಟುಕ ಎಂದು ಕಿರ್ಸ್ಟೆನ್ ನನ್ನನ್ನು ಅಂದುಕೊಂಡಿರುತ್ತಾಳೆ. ಅವಳಜ್ಜಿಗಾಗಿ ನಾವು ಐದು ಜನ ಹೊಳೆಯಲ್ಲಿ ಮುಳುಗೆದ್ದದ್ದು, ಮೂರು ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕದೇ ಇದ್ದದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ಹೇಳುವವರು ಯಾರು?

ಇಲ್ಲದ ಎಮ್ಮೆಗೆ ಕರು ಹಾಕಿಸಿದ ನಾಲಿಗೆ ಇದು. ಅವತ್ತು "ಅಜ್ಜಿಯ ಮೊಣಕಾಲು ವಾಸಿಯಾಯಿತಂತೆ" ಎಂದಿದ್ದರೆ ಸಾಕಿತ್ತು. ಆದರೆ ನನ್ನ ಜೀವಮಾನದಲ್ಲಿ ಒಂದೂ ತಪ್ಪಿಲ್ಲದೆ, ಒಂದೂ ಸುಳ್ಳು ಸೇರಿಸದೆ ಮಾಡಿದ ಅನುವಾದ ಅದೊಂದೇ.