ಬ್ಯಾಟರಿಗೆ ಹೊಲಿದ ಕೋಟು

"ಈ ಚಳಿಗಾಲದಲ್ಲಿ ನನ್ನ ಕಾರು ಒಂದೇ ಒಂದು ದಿನ ಕೈಕೊಟ್ಟರೆ ಕೇಳು!" ಎಂದು ಹೆಂಡತಿಯೆದುರು ಗುಡುಗಿದ ಟೈಲರಣ್ಣ, ಹಳೆಯ ಕಂಬಳಿಯೊಂದನ್ನು ಕತ್ತರಿಸಿ ಕಾರಿನ ಬ್ಯಾಟರಿಗೆ ಕೋಟು ಹೊಲಿದ. ಅಂತಿಂಥ ಕೋಟಲ್ಲ, ಒಳಗೆ ಹತ್ತಿ, ಹೊರಗೆ ಗುಂಡಿ, ಮೇಲೊಂದು ಕಾಲರು ಬೇರೆ!

ಹೆಂಡತಿ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. "ರೀ, ಮೈಯಲ್ಲಿ ಬಿಸಿ ಇರೋರಿಗೆ ಕೋಟು ಬೆಚ್ಚಗಿರತ್ತೆ. ರಾತ್ರಿಯಿಡೀ ಸುಮ್ನೆ ನಿಂತಿರೋ ಬ್ಯಾಟರಿಗೆ ಬಿಸಿ ಎಲ್ಲಿಂದ ಬರ್ಬೇಕು? ಚಳಿಗೆ ಅದರ ಶಕ್ತಿ ಕುಗ್ಗತ್ತೆ, ಎಂಜಿನ್ ಆಯಿಲ್ ಗಟ್ಟಿಯಾಗತ್ತೆ. ಮೊದಲೇ ಮುದಿ ಬ್ಯಾಟರಿ. ಬದಲಾಯಿಸಿ."

"ಪಾಠ ಶಾಲೇಲಿ ಮಾಡು. ಅಳತೆ ನನಗೆ ಬಿಡು!"

ಮರುದಿನ ಬೆಳಿಗ್ಗೆ ಅತ್ತೆ ರೈಲಿನಲ್ಲಿ ಬರುವವರಿದ್ದರು. ನನ್ನ ಕಾರಿನಲ್ಲೇ ಕರೆತರುತ್ತೇನೆಂದು ಟೈಲರಣ್ಣ ಮಾತು ಕೊಟ್ಟಾಗಿತ್ತು. ಹೊರಗೆ ಬಂದರೆ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿದೆ. ಕೀಲಿ ತಿರುಗಿಸಿದ. ಟಕ್! ಮತ್ತೆ ತಿರುಗಿಸಿದ. ಟಕ್! ಬಾನೆಟ್ ಎತ್ತಿ ನೋಡಿದರೆ ಕೋಟು ಭರ್ಜರಿಯಾಗಿಯೇ ಇತ್ತು. ಒಳಗಿನ ಗಿರಾಕಿ ಮಾತ್ರ ಸೆಟೆದುಕೊಂಡಿದ್ದ!

"ಟ್ಯಾಕ್ಸಿ ಕರೀಲಾ?" ಎಂದಳು ಹೆಂಡತಿ.

"ಮಾನ ಹೋಗತ್ತೆ! ತಳ್ಳು!"

ಪಕ್ಕದ ಮನೆಯ ಹಲ್ಲಿನ ಡಾಕ್ಟರೂ ಪೈಜಾಮದಲ್ಲೇ ಬಂದು ಹೆಗಲು ಕೊಟ್ಟರು. ಕಾರು ಮೆಲ್ಲಗೆ ಮುಂದಕ್ಕೆ ಉರುಳಿತು. ಟೈಲರಣ್ಣ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟದ್ದೇ ತಡ, ಅದು ಕೆಮ್ಮಿತು, ಬಿಕ್ಕಿತು, ಕೊನೆಗೆ ಗರ್ಜಿಸಿತು! ಹೆಂಡತಿ ಹಿಂದೆ ಓಡುತ್ತಾ ಕೂಗಿದಳು: "ಎಂಜಿನ್ ಆಫ್ ಮಾಡ್ಬೇಡಿ! ಮತ್ತೆ ಏಳಲ್ಲ!"

ನಿಲ್ದಾಣದೆದುರು ಅತ್ತೆ ಮೂರು ಚೀಲಗಳೊಂದಿಗೆ ನಿಂತಿದ್ದರು. ಆಕ್ಸಿಲರೇಟರಿನಿಂದ ಕಾಲು ತೆಗೆಯಲು ಧೈರ್ಯ ಸಾಲದ ಅಳಿಯ ಕೂತಲ್ಲಿಂದಲೇ ಅವಸರಪಡಿಸಿದ: "ಹತ್ತಿ ಅತ್ತೆ, ಬೇಗ ಹತ್ತಿ!" ಅವರು ಚೀಲಗಳನ್ನು ಹಿಂದಿನ ಸೀಟಿಗೆ ಏರಿಸಿ, ಕೆಂಪು ಶಾಲನ್ನು ಮೇಲೆ ಹಾಕಿದರು. ಅಷ್ಟರಲ್ಲಿ ಗಾಡಿ ತೆಗೆಯೆಂದು ಪೊಲೀಸ ಸೀಟಿ ಊದಿದ! ಬಾಗಿಲು ಧಡ್ ಎಂದಿತು. ಕಾರು ಬಾಣದಂತೆ ಹೊರಟಿತು.

ಕನ್ನಡಿಯಲ್ಲಿ ಕೆಂಪು ಶಾಲು ಕಾಣುತ್ತಿತ್ತು. ಟೈಲರಣ್ಣ ಉಬ್ಬಿಹೋದ. "ನೋಡಿ ಅತ್ತೆ, ಗಾಡಿ ಪಳಗಿಸೋದೂ ಒಂದು ಕಲೆ. ಎಲ್ಲರಿಗೂ ಒಲಿಯಲ್ಲ." ಹಿಂದಿನಿಂದ ಉತ್ತರವಿಲ್ಲ. "ನಿಮ್ಮ ಮಗಳಿಗಂತೂ ಇದೆಲ್ಲ ಅರ್ಥವಾಗಲ್ಲ." ಅದಕ್ಕೂ ಆಕ್ಷೇಪವಿಲ್ಲ! ಮದುವೆಯಾದಾಗಿನಿಂದ ಅತ್ತೆ ಎದುರಾಡದೆ ಕೇಳಿದ್ದು ಇದೇ ಮೊದಲು. ಅಳಿಯನ ಬೆಲೆ ಕೊನೆಗೂ ತಿಳಿಯಿತಲ್ಲ! ಆನಂದಕ್ಕೆ ಅವನ ಕಣ್ಣು ತುಂಬಿ ಬಂತು.

ಬೀದಿಗೆ ಬೀದಿಯೇ ಹೊರಬರುವಂತೆ ಹಾರ್ನ್ ಬಾರಿಸುತ್ತಾ ಮನೆ ಮುಟ್ಟಿದ. ಯುದ್ಧ ಗೆದ್ದ ರಾಜ ಖಡ್ಗವನ್ನು ಒರೆಗೆ ಸೇರಿಸುವ ಗತ್ತಿನಲ್ಲಿ ಎಂಜಿನ್ ಆರಿಸಿದ. ಹಿಂದಿನ ಬಾಗಿಲು ತೆರೆದು ಬಗ್ಗಿ ನಿಂತ.

"ದಯಮಾಡಿಸಬೇಕು ಅತ್ತೆ!"

ಮೂರು ಚೀಲ. ಮೇಲೊಂದು ಶಾಲು.

"ಅಮ್ಮ ಎಲ್ರೀ?" ಎಂದಳು ಹೆಂಡತಿ.

ಟೈಲರಣ್ಣ ಕೀಲಿಯತ್ತ ಹಾರಿದ. ಟಕ್!

ಅಷ್ಟರಲ್ಲಿ ಟ್ಯಾಕ್ಸಿಯೊಂದು ಬಂದು ನಿಂತಿತು. ಶಾಲಿಲ್ಲದೆ ಗಡಗಡ ನಡುಗುತ್ತಾ ಇಳಿದ ಅತ್ತೆ, ಕಾರನ್ನೂ ಅಳಿಯನನ್ನೂ ಒಮ್ಮೆ ನೋಡಿದರು.

"ಕಾರು ಬಹಳ ಚೆನ್ನಾಗಿ ಓಡತ್ತೆ, ಅಳಿಯಂದ್ರೇ. ಹಿಂದಿನಿಂದ ಕಣ್ತುಂಬ ನೋಡಿದೆ!"