ಮಾವನವರ ನಗು ಮತ್ತು ನಲವತ್ತೊಂದು ಫೋಟೋ

ನಮ್ಮ ಮಾವನವರು ನಕ್ಕದ್ದನ್ನು ಕಂಡವರಿರಲಿಲ್ಲ. ಮೂವತ್ತಾರು ವರ್ಷ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ತಪಾಸಣೆ ಮಾಡಿದ ಇನ್ಸ್‌ಪೆಕ್ಟರು. ಆ ಕೆಲಸದಲ್ಲಿ ನಕ್ಕರೆ ಕೆಟ್ಟರಂತೆ. ನಮ್ಮ ಮದುವೆ ಆಲ್ಬಮ್ಮಿನಲ್ಲೂ ಅವರು ನನ್ನನ್ನು ತೂಗಿ ನೋಡುತ್ತಿರುವಂತೆಯೇ ನಿಂತಿದ್ದಾರೆ. (ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ.)

"ಅಪ್ಪ ನಗ್ತಿರೋ ಒಂದು ಫೋಟೋ ಇದ್ದಿದ್ರೆ ಸಾಕಿತ್ತು ಕಣ್ರೀ" ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಿದ್ದಳು. ಹೇಳುವಾಗ ಅವಳ ದನಿ ಸಣ್ಣಗಾಗುತ್ತಿತ್ತು, ನನಗೂ ಪಿಚ್ಚೆನಿಸುತ್ತಿತ್ತು. ಅದಕ್ಕೇ ಮಾವನವರ ನಿವೃತ್ತಿಯ ದಿನಕ್ಕೆಂದು ಗುಜರಿ ಅಂಗಡಿಯಿಂದ ಹಳೆಯ ಫಿಲಂ ಕ್ಯಾಮೆರಾ ಒಂದನ್ನು ತಂದೆ.

"ಇದು ನಡೆಯುತ್ತಾ?"

"ನಡೆಸ್ತೀನಿ."

"ಮಿಕ್ಸಿಗೂ ಹೀಗೇ ಅಂದಿದ್ರಿ."

ಕ್ಯಾಮೆರಾದ ಹಿಂಬದಿಯ ಮುಚ್ಚಳದಲ್ಲಿ ಕರಗಿ ಅಂಟಾಗಿದ್ದ ಕಪ್ಪು ಸ್ಪಂಜನ್ನು ಎರಡು ಭಾನುವಾರ ಕೆರೆದೆ. (ಅರ್ಧ ನನ್ನ ಪ್ಯಾಂಟಿನ ಮೇಲಿದೆ.) ಕಚ್ಚಿಕೊಂಡಿದ್ದ ಶಟರನ್ನು ಗಡಿಯಾರ ರಿಪೇರಿಯವರು ಬಿಡಿಸಿಕೊಟ್ಟರು. ಮೂವತ್ತಾರು ಫೋಟೋಗಳ ರೀಲನ್ನು ಮಾತ್ರ ನಾನೇ ಸ್ವಹಸ್ತದಿಂದ ಹಾಕಿದೆ.

ಆ ದಿನ ನೆಂಟರ ಫೋನುಗಳನ್ನೆಲ್ಲ ಬುಟ್ಟಿಯಲ್ಲಿ ವಸೂಲು ಮಾಡಿ ಬೀರುವಿನ ಮೇಲಿಟ್ಟೆ. "ಯಾರೂ ಮಾತಾಡಬಾರದು, ಅಲುಗಾಡಬಾರದು" ಎಂದು ಅಪ್ಪಣೆಯಾಯಿತು. ಮೂರನೆಯ ಫೋಟೋಗೆ ಪವಾಡ ನಡೆಯಿತು. ನನ್ನ ಕೈಯನ್ನೇ ನೋಡುತ್ತಿದ್ದ ಮಾವನವರ ತುಟಿ ಅದುರಿತು, ಹಲ್ಲು ಕಂಡಿತು, ಆಮೇಲೆ ಹೆಗಲೇ ಕುಲುಕತೊಡಗಿತು. "ತೆಗೀರಿ, ತೆಗೀರಿ" ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಮೂವತ್ತಾರರ ರೀಲಿನಲ್ಲಿ ನಲವತ್ತೊಂದು ಹೊಡೆದೆ. ಹಿಂದಿನವರು ಎಷ್ಟು ಧಾರಾಳವಾಗಿ ವಸ್ತು ಮಾಡುತ್ತಿದ್ದರೆಂದು ನೆಂಟರಿಗೆ ಸಣ್ಣ ಭಾಷಣವನ್ನೂ ಕೊಟ್ಟೆ.

"ಸಾರ್, ಇದರಲ್ಲಿ ಏನೂ ಇಲ್ಲ" ಎಂದ ಸ್ಟುಡಿಯೋದವ. "ಫಿಲಂ ತುದಿ ಒಳಗಿನ ಸುರುಳಿಗೆ ಸಿಕ್ಕೇ ಇಲ್ಲ, ಇದ್ದಲ್ಲೇ ಇದೆ. ಒಳ್ಳೇದೇ ಆಯ್ತು ಬಿಡಿ, ರೀಲು ಹೊಸದಾಗೇ ಇದೆ."

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾವನವರ ಮುಂದೆ ಹೋಗಿ ತಪ್ಪೊಪ್ಪಿಕೊಂಡೆ.

"ಗೊತ್ತು ಅಳಿಯಂದ್ರೇ" ಎಂದು ಅವರು ಪೇಪರು ಮಡಚಿದರು. "ನನ್ನ ಹತ್ರಾನೂ ಇಂಥದ್ದೊಂದಿತ್ತು. ಫಿಲಂ ಓಡಿದ್ರೆ ಎಡಗಡೆ ಗುಂಡಿ ತಿರುಗ್ಬೇಕು. ನಿಮ್ದು ತಿರುಗ್ತಾನೇ ಇರಲಿಲ್ಲ."

"ಆಗ್ಲೇ ಹೇಳಬಾರದಿತ್ತಾ ಮಾವ?"

"ಮಾತಾಡಬಾರದು ಅಂದ್ರಲ್ಲ. ನೀವು ಅಷ್ಟು ಗತ್ತಿನಲ್ಲಿ ಹೊಡೀತಿದ್ರಿ, ತಡ್ಕೊಳ್ಳೋಕಾಗದೆ ನಕ್ಕುಬಿಟ್ಟೆ."

ಮುಂದಿನ ಭಾನುವಾರ ಎಲ್ಲರನ್ನೂ ಮತ್ತೆ ಕೂರಿಸಿದೆ. ಈ ಸಲ ಗುಂಡಿ ಸೊಗಸಾಗಿ ತಿರುಗಿತು. ಮೂವತ್ತಾರು ಫೋಟೋಗಳೂ ಸ್ಫುಟವಾಗಿ ಬಂದವು. ಒಂದರಲ್ಲೂ ಮಾವನವರು ನಕ್ಕಿರಲಿಲ್ಲ.

ಹೆಂಡತಿ ಅವನ್ನು ಒಂದೊಂದಾಗಿ ನೋಡಿ ಕೆಳಗಿಟ್ಟಳು. "ಕ್ಯಾಮೆರಾ ತಗೊಂಡು ಅಪ್ಪನ ಮುಂದೆ ನಿಂತ್ಕೊಳ್ಳಿ. ಫಿಲಂ ಹಾಕಬೇಡಿ."

ನಾನು ಒಂದು ಕಣ್ಣು ಮುಚ್ಚಿ, ಮಂಡಿಯೂರಿ, ಪೂರ್ಣ ಗಾಂಭೀರ್ಯದಿಂದ ಒತ್ತಿದೆ. ಮಾವನವರ ದೃಷ್ಟಿ ತಿರುಗದ ಗುಂಡಿಯ ಮೇಲೆ ಬಿತ್ತು. ಪಕ್ಕದಲ್ಲಿ ಹೆಂಡತಿ ಫೋನು ಹಿಡಿದು ಸಿದ್ಧವಾಗಿದ್ದಳು.

ಆ ಫೋಟೋ ಈಗ ನಡುಮನೆಯ ಗೋಡೆಯ ಮೇಲಿದೆ. ಮಾವನವರು ಬಾಯಿತುಂಬ ನಗುತ್ತಿದ್ದಾರೆ. ಬಂದವರೆಲ್ಲ ಮೆಚ್ಚಿಕೊಂಡು, "ನಿಮ್ಮ ಯಜಮಾನರು ತೆಗೆದದ್ದಾ?" ಎಂದು ಕೇಳುತ್ತಾರೆ.

"ಇಲ್ಲ, ನಾನು ತೆಗೆದದ್ದು" ಎನ್ನುತ್ತಾಳೆ ಹೆಂಡತಿ. "ಅಪ್ಪ ನೋಡಿ ನಗ್ತಿರೋದು ಇವರನ್ನ."